ಕವಲೊಡೆದ ಕತೆ, ಕೂಡಿದ ಹೊಳೆ

ಭದ್ರಾವತಿಯ ನ್ಯೂ ಟೌನಿನ ಒಂದು ಮನೆ ಎಂದುಕೊಳ್ಳಿ. ಹತ್ತನೇ ತರಗತಿಯ ಪರೀಕ್ಷೆ ಮುಗಿಸಿದ ಹುಡುಗ ಕಂಪ್ಯೂಟರ್ ಮುಂದೆ ಕುಳಿತಿದ್ದಾನೆ. ಪರದೆಯ ಮೇಲೆ ಗುಂಡಿನ ಸದ್ದಿಲ್ಲ, ಓಡುವ ಕಾರಿಲ್ಲ. ಒಂದು ಪ್ರಶ್ನೆ, ಅದರ ಕೆಳಗೆ ಎರಡು ಉತ್ತರ, ಅಷ್ಟೇ.

"ಆಟಕ್ಕೂ ಇಷ್ಟೊಂದು ಯೋಚನೆಯೇನೋ?" ಎನ್ನುತ್ತಾರೆ ಅಪ್ಪ.

"ಯಾವುದನ್ನು ಒತ್ತುತ್ತೀನೋ ಅದರ ಮೇಲೆ ಕತೆ ಬದಲಾಗುತ್ತಪ್ಪಾ" ಎನ್ನುತ್ತಾನೆ ಮಗ.

ಕತೆ ನಿಜವಾಗಿಯೂ ಬದಲಾಗುತ್ತದೆಯೆ?

ಇಂಥ ಆಟಗಳ ಮೊದಲಿಗರಲ್ಲಿ ಒಬ್ಬರು ಅಮೆರಿಕದ ವಿಲ್ ಕ್ರೌಥರ್. ಕಂಪ್ಯೂಟರ್ ತಜ್ಞರಾದ ಅವರಿಗೆ ಗುಹೆಗಳಲ್ಲಿ ಅಲೆಯುವ ಹವ್ಯಾಸ. 1976ರ ಸುಮಾರಿಗೆ ಅವರು ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು 'ಅಡ್ವೆಂಚರ್' ಎಂಬ ಗುಹೆಯ ಆಟ ಬರೆದರು. ಅದರಲ್ಲಿ ಚಿತ್ರಗಳಿರಲಿಲ್ಲ, ಬರೀ ಅಕ್ಷರಗಳು. ಎತ್ತ ಹೋಗಬೇಕೆಂದು ಆಡುವವರೇ ಒಂದೆರಡು ಪದಗಳಲ್ಲಿ ಹೇಳಬೇಕಿತ್ತು.

ದಾರಿಯನ್ನು ಹೀಗೆ ಆಟಗಾರನ ಕೈಗೆ ಕೊಟ್ಟರೆ ಬರೆಯುವವನಿಗೆ ಕಷ್ಟ ಶುರು. ಪ್ರತಿ ತಿರುವಿನಲ್ಲಿ ಎರಡು ದಾರಿ ಎಂದರೆ, ಹತ್ತು ತಿರುವು ಮುಗಿಯುವಷ್ಟರಲ್ಲಿ 1,024 ಮುಕ್ತಾಯಗಳು. ಎಲ್ಲ ಕವಲುಗಳನ್ನೂ ಕೂಡಿಸಿದರೆ 2,046 ದೃಶ್ಯಗಳನ್ನು ಬರೆಯಬೇಕು. ಅದರ ಬದಲು ಪ್ರತಿ ಕವಲನ್ನೂ ಸ್ವಲ್ಪ ದೂರ ಬಿಟ್ಟು ಮತ್ತೆ ಸೇರಿಸಿಬಿಟ್ಟರೆ, ಕವಲಿನ ಇಪ್ಪತ್ತು ದೃಶ್ಯ ಸಾಕು. ಹೆಚ್ಚಿನ ಆಟಗಳು ಮಾಡುವುದು ಇದನ್ನೇ.

ಶಿವಮೊಗ್ಗ ಸೀಮೆಯವರಿಗೆ ಇದು ಹೊಸದಲ್ಲ. ತುಂಗೆ, ಭದ್ರೆ ಎರಡೂ ಗಂಗಾಮೂಲದಲ್ಲೇ ಹುಟ್ಟಿ ಬೇರೆಯಾಗುತ್ತವೆ. ಒಂದು ಶೃಂಗೇರಿ, ತೀರ್ಥಹಳ್ಳಿ, ಶಿವಮೊಗ್ಗ ನೋಡಿಕೊಂಡು ಬರುತ್ತದೆ. ಇನ್ನೊಂದು ಬಾಳೆಹೊನ್ನೂರು ಹಾದು, ಲಕ್ಕವಳ್ಳಿಯ ಅಣೆಕಟ್ಟೆ ದಾಟಿ ಭದ್ರಾವತಿಗೆ ಬರುತ್ತದೆ. ಕೂಡ್ಲಿಯಲ್ಲಿ ಎರಡೂ ಒಂದೇ ಹೊಳೆ.

2012ರ 'ದಿ ವಾಕಿಂಗ್ ಡೆಡ್' ಆಟವನ್ನು ನೋಡಿ. ಇದು ವಯಸ್ಕರಿಗೆಂದೇ ಗುರುತಿಸಿದ ಆಟ, ಪಾಲಕರು ಗಮನಿಸಬೇಕು. ಆರಂಭದ ಅಧ್ಯಾಯದಲ್ಲಿ ಇಬ್ಬರಲ್ಲಿ ಒಬ್ಬರನ್ನಷ್ಟೇ ಉಳಿಸಲು ಸಾಧ್ಯ. ಯಾರನ್ನು ಉಳಿಸಿದರೂ ಅವರು ಮುಂದೊಂದು ಅಧ್ಯಾಯದಲ್ಲಿ ಸಾಯುತ್ತಾರೆ! ಇದು ಮೋಸವೆಂದು ಕೆಲವರಿಗೆ ಅನ್ನಿಸಬಹುದು. ಆದರೆ ಅಲ್ಲಿಯವರೆಗೆ ಜೊತೆಗಿದ್ದವರು ಬೇರೆ, ಆಡಿದ ಮಾತು ಬೇರೆ.

ಟೋಬಿ ಫಾಕ್ಸ್ ಬಹುಪಾಲು ತಾವೊಬ್ಬರೇ ರೂಪಿಸಿದ 'ಅಂಡರ್‌ಟೇಲ್' (2015) ಇನ್ನೂ ಒಂದು ಹೆಜ್ಜೆ ಮುಂದಿದೆ. ಎದುರಾದವರನ್ನು ಕೊಲ್ಲಬಹುದು, ಮಾತಾಡಿಸಿ ಬಿಟ್ಟುಬಿಡಲೂಬಹುದು. ಯಾರನ್ನೂ ಕೊಲ್ಲದೆ ಆಟ ಮುಗಿಸುವ ದಾರಿಯೂ ಇದೆ. ಒಬ್ಬರನ್ನು ಕೊಂದು, ಮನಸ್ಸು ಕೆಟ್ಟು, ಆಟವನ್ನು ಹಿಂದಿನಿಂದ ಮತ್ತೆ ಆಡಿ ಅವರನ್ನು ಉಳಿಸಿದರೂ ಒಂದು ಪಾತ್ರ ಅದನ್ನು ಮರೆಯುವುದಿಲ್ಲ. ಮೊದಲು ಮಾಡಿದ್ದು ತನಗೆ ಗೊತ್ತು ಎಂದು ಹಂಗಿಸುತ್ತದೆ.

ಆದ್ದರಿಂದ "ಗೆದ್ದೆಯಾ?" ಎಂಬುದಕ್ಕಿಂತ "ಅದನ್ನೇ ಯಾಕೆ ಒತ್ತಿದೆ?" ಎಂಬುದು ಪಾಲಕರು ಕೇಳಬಹುದಾದ ಒಳ್ಳೆಯ ಪ್ರಶ್ನೆ. ಉತ್ತರದಲ್ಲಿ ಮಗ ಸಿಗುತ್ತಾನೆ.

ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಆಟದಲ್ಲಿ, ಬರೆದವರು ಇಟ್ಟ ಉತ್ತರಗಳಲ್ಲೇ ಒಂದನ್ನು ಆರಿಸಬೇಕು. ಅಲ್ಲಿಲ್ಲದ್ದನ್ನು ಹೇಳಲು ಬರುವುದಿಲ್ಲ. ಇನ್ನು ಕೆಲವೇ ದಿನಗಳಲ್ಲಿ ಅದೇ ಮನೆಯಲ್ಲಿ ಅಪ್ಪ ಕೇಳುತ್ತಾರೆ: "ಪಿಯುಸಿಗೆ ಸೈನ್ಸೋ, ಕಾಮರ್ಸೋ?" ಹುಡುಗನ ಮನಸ್ಸಿನಲ್ಲಿ ಡಿಪ್ಲೊಮಾ ಇರಬಹುದು, ಐಟಿಐ ಇರಬಹುದು. ಎರಡೇ ಉತ್ತರ ಇಟ್ಟು ಕೇಳಿದರೆ ಅವನು ಎರಡರಲ್ಲೊಂದನ್ನು ಒತ್ತಿ ಸುಮ್ಮನಾಗುತ್ತಾನೆ. ಅಪ್ಪ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕುಳಿತು ಕೇಳಿದರೆ, ಮೂರನೆಯದೂ ಬಾಯಿಗೆ ಬಂದೀತು.