ಹೆಣ್ಣು ನೋಡಲು ಬಂದವರು

ಹೋದ ತಿಂಗಳು ನುಗ್ಗೇಹಳ್ಳಿಯ ನಮ್ಮ ಮನೆಗೆ ಅಣ್ಣನ ಮಗಳನ್ನು ನೋಡಲು ಬಂದಿದ್ದರು. ಗಂಡಿನ ಕಡೆಯವರಲ್ಲ, ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪೆನಿಯವರು. ಬಂದದ್ದೂ ಕಂಪ್ಯೂಟರಿನ ಪರದೆಯ ಮೇಲೆ. ಆದರೆ ಮನೆಯಲ್ಲಿನ ಸಡಗರ ಮಾತ್ರ ಥೇಟ್ ಅದೇ. ಅತ್ತಿಗೆ ನಡುಮನೆ ಗುಡಿಸಿ ಸಾರಿಸಿದರು, ಗೋಡೆಯ ಹಳೇ ಕ್ಯಾಲೆಂಡರು ತೆಗೆದಿಟ್ಟರು. ಅಣ್ಣ ಹಸುವನ್ನು ಹಿತ್ತಲಿನಾಚೆ ಕಟ್ಟಿ ಬಂದ. ಹುಡುಗಿ ಇಸ್ತ್ರಿ ಮಾಡಿದ ಚೂಡಿದಾರ ತೊಟ್ಟು ತಲೆ ಬಗ್ಗಿಸಿ ಕೂತಳು.

ಮೊದಲ ಅಪ್ಪಣೆ, ಕ್ಯಾಮೆರಾ ಎತ್ತಿ ಕೋಣೆಯ ಸುತ್ತ ತೋರಿಸಿ ಎಂದು. ಆಮೇಲೆ ಮೇಜಿನ ಕೆಳಗೆ ತೋರಿಸಿ ಎಂದು. ನಂತರ ಒಂದು ಸಮಸ್ಯೆ ಕೊಟ್ಟು, ಬಿಡಿಸುತ್ತಾ ಹೋಗಿ, ತಲೆಯಲ್ಲಿ ಓಡುವುದನ್ನೆಲ್ಲ ಬಾಯಿಬಿಟ್ಟು ಇಂಗ್ಲಿಷಿನಲ್ಲಿ ಹೇಳುತ್ತಾ ಇರಿ ಎಂದರು. ಹತ್ತು ನಿಮಿಷ ಕಳೆದಿರಬೇಕು, ನಮ್ಮವ್ವ ಮೊಮ್ಮಗಳು ಬಳಲಿದ್ದಾಳೆಂದು ಕಾಫಿ ಲೋಟ ಹಿಡಿದು ಒಳಗೆ ನಡೆದಳು. ಹುಡುಗಿ ಅತ್ತ ತಿರುಗಿದಳು. ಪರದೆಯಿಂದ ದನಿ ಬಂತು: ‘ಯಾರನ್ನು ಕೇಳುತ್ತಿದ್ದೀರಿ?’ ನಮ್ಮವ್ವನಿಗೆ ಕಂಪ್ಯೂಟರ್ ಎಂದರೆ ಟೀವಿಯ ತಂಗಿ! ಅವಳು ಪ್ರೋಗ್ರಾಮು ಹೇಳಿಕೊಡುತ್ತಾಳೆಂದು ಗುಮಾನಿ. ಅಲ್ಲಿಂದಾಚೆ ಹುಡುಗಿಯ ಬಾಯಿ ಹೊರಳಲಿಲ್ಲ.

ಅದೇ ಸಮಸ್ಯೆಯನ್ನು ರಾತ್ರಿ ಊಟವಾದ ಮೇಲೆ ಹಳೇ ನೋಟುಬುಕ್ಕಿನ ಹಿಂದೆ ಇಪ್ಪತ್ತು ನಿಮಿಷದಲ್ಲಿ ಬಿಡಿಸಿದಳು. ‘ನಂಗೆ ಬರ್ತಿತ್ತು ಅತ್ತೆ. ಅವ್ರು ನೋಡ್ತಾನೇ ಕೂತಿದ್ರಲ್ಲ, ಕೈಯೇ ಓಡ್ಲಿಲ್ಲ’ ಎಂದಳು.

ನನಗೆ ಸಿಟ್ಟು ಬಂದದ್ದು ಅವರ ಮೇಲೆ ಮಾತ್ರವಲ್ಲ. ಬೆಂಗಳೂರಿನಲ್ಲಿ ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡಿದವಳು ನಾನು. ಅದರಲ್ಲಿ ಅರ್ಧ ಕಾಲ ಮೇಜಿನ ಆ ಕಡೆ ಕೂತು ಪ್ರಶ್ನೆ ಕೇಳಿದ್ದೇನೆ. ಒಮ್ಮೆ ನಮ್ಮ ಹಾಸನದ ಕಡೆಯ ಹುಡುಗಿಯೊಬ್ಬಳು ಬಿಳೀ ಬೋರ್ಡಿನ ಮುಂದೆ ನಿಂತು ನಡುವೆ ತಡವರಿಸಿದಳು. ‘ಆತ್ಮವಿಶ್ವಾಸ ಸಾಲದು’ ಎಂದು ಗೀಚಿ ಕಳಿಸಿಬಿಟ್ಟೆ. ಅವಳು ಬೋರ್ಡಿನ ಮೇಲೆ ಬರೆದದ್ದು ಸರಿಯಿತ್ತೋ ತಪ್ಪೋ, ಈಗ ನೆನಪಿಲ್ಲ. ನಡುಗುತ್ತಿದ್ದ ಕೈ ನೆನಪಿದೆ. ಅಂದರೆ ನಾನು ನೋಡಿದ್ದು ಅದನ್ನೇ.

ಸುಧಾ ಮೂರ್ತಿಯವರ ಕಥೆ ನಿಮಗೆಲ್ಲ ಗೊತ್ತಿರುವುದೇ. 1974ರಲ್ಲಿ, ಹೆಂಗಸರು ಅರ್ಜಿ ಹಾಕಬೇಕಿಲ್ಲ ಎಂಬ ಟೆಲ್ಕೋ ಜಾಹೀರಾತು ಕಂಡು ಜೆ.ಆರ್.ಡಿ. ಟಾಟಾ ಅವರಿಗೇ ಒಂದು ಕಾರ್ಡು ಬರೆದರು, ಕೆಲಸವನ್ನೂ ಪಡೆದರು. ಈಗ ಬಾಗಿಲಿನ ಮೇಲೆ ಆ ಬೋರ್ಡು ಇಲ್ಲ, ನಿಜ. ಒಳಗೆ ಕರೆದು ಕೂರಿಸಿ, ಕಣ್ಣಿಟ್ಟು, ಬೆವರಿಳಿಸಿ, ಆಮೇಲೆ ‘ನಿಮ್ಮಲ್ಲಿ ಧೈರ್ಯವಿಲ್ಲ’ ಎಂದು ಕಳಿಸುತ್ತಾರೆ. ಇದಕ್ಕೆ ಯಾರಿಗೆ ಕಾರ್ಡು ಬರೆಯುವುದು?

ಇದು ಅಳುಬುರುಕಿಯರ ನೆಪ ಎನ್ನುವವರಿದ್ದಾರೆ. ಅವರಿಗಾಗಿ ಹೇಳುತ್ತೇನೆ. ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಮೈಕ್ರೋಸಾಫ್ಟಿನ ಸಂಶೋಧಕರು 2020ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 48 ವಿದ್ಯಾರ್ಥಿಗಳಿಗೆ ಒಂದೇ ಸಮಸ್ಯೆ. ಕೆಲವರು ಬೋರ್ಡಿನ ಮುಂದೆ, ಪರೀಕ್ಷಕರ ಎದುರಿಗೇ, ಬಾಯಲ್ಲಿ ವಿವರಿಸುತ್ತಾ ಬಿಡಿಸಬೇಕು. ಉಳಿದವರು ಕೋಣೆಯಲ್ಲಿ ಒಬ್ಬರೇ. ಯಾರೋ ನೋಡುತ್ತಿದ್ದಾರೆ ಎಂಬಷ್ಟಕ್ಕೇ ಸಾಧನೆ ಅರ್ಧಕ್ಕಿಂತ ಕೆಳಗಿಳಿಯಿತು. ಎದುರಿಗೆ ಬಿಡಿಸಿದ ಹೆಂಗಸರಲ್ಲಿ ಒಬ್ಬರಿಗೂ ಸರಿಯುತ್ತರ ಬರಲಿಲ್ಲ. ಒಬ್ಬರೇ ಕೂತ ಹೆಂಗಸರೆಲ್ಲರೂ ಬಿಡಿಸಿದರು. ಹೆಂಗಸರ ಸಂಖ್ಯೆ ಅಲ್ಲಿ ಚಿಕ್ಕದು, ಅದೊಂದನ್ನೇ ಹಿಡಿದು ಕುಣಿಯಲಾರೆ. ಆದರೂ ಆ ಸಾಲನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಒಗಟು ಕೇಳುವ ಚಾಳಿಯೂ ಹೀಗೆಯೇ. ಬಸ್ಸಿನಲ್ಲಿ ಎಷ್ಟು ಚೆಂಡು ಹಿಡಿಸುತ್ತವೆ, ಅಂಥವು. ಗೂಗಲ್‌ನ ಸಿಬ್ಬಂದಿ ವಿಭಾಗದ ಹಿರಿಯರಾಗಿದ್ದ ಲಾಸ್ಲೋ ಬಾಕ್ ಅವರೇ 2013ರಲ್ಲಿ, ಇವುಗಳಿಂದ ಏನೂ ತಿಳಿಯುವುದಿಲ್ಲ, ಕೇಳುವವನಿಗೆ ತಾನು ಬುದ್ಧಿವಂತ ಅನ್ನಿಸುತ್ತದೆ ಅಷ್ಟೇ ಎಂಬರ್ಥದಲ್ಲಿ ಹೇಳಿದ್ದರು. ಗಂಡಿನ ಕಡೆಯ ದೊಡ್ಡಮ್ಮ ‘ಒಂದು ಹಾಡು ಹೇಳಮ್ಮ’ ಎನ್ನುತ್ತಿದ್ದರಲ್ಲ, ಸಂಸಾರಕ್ಕೂ ಆ ಹಾಡಿಗೂ ಇದ್ದಷ್ಟೇ ಸಂಬಂಧ.

ಕೆಲಸದಲ್ಲಿ ಒತ್ತಡ ಇರುವುದಿಲ್ಲವೇ ಎಂದು ಕೇಳುತ್ತಾರೆ. ಇರುತ್ತದೆ. ಆದರೆ ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ನನ್ನ ಕುತ್ತಿಗೆಯ ಹಿಂದೆ ಯಾರೂ ಗಡಿಯಾರ ಹಿಡಿದು ನಿಂತಿರಲಿಲ್ಲ. ಬರೆಯುತ್ತೇವೆ, ತಪ್ಪುತ್ತದೆ, ಎದ್ದು ಚಹಾ ಕುಡಿದು ಬರುತ್ತೇವೆ, ಪುಸ್ತಕ ನೋಡುತ್ತೇವೆ, ಪಕ್ಕದವರನ್ನು ಕೇಳಿ ತಿದ್ದುತ್ತೇವೆ. ಕೆಲಸವೆಂದರೆ ಅದು. ಅದನ್ನೇ ಪರೀಕ್ಷೆ ಮಾಡಿ.

ನಮ್ಮೂರಿನ ಲಕ್ಷ್ಮೀನರಸಿಂಹ ದೇವಸ್ಥಾನ 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ್ದು. ಮೂರ್ತಿಗಳ ಕೆಳಗೆ ಬೈಚೋಜ, ಮಲ್ಲಿತಮ್ಮ ಎಂಬ ರೂವಾರಿಗಳ ಹೆಸರಿವೆ. ಚಿಕ್ಕಂದಿನಲ್ಲಿ ಆ ಅಕ್ಷರಗಳ ಮೇಲೆ ಬೆರಳಾಡಿಸಿದ್ದೇನೆ. ಅವರು ಧೈರ್ಯವಂತರೋ ಪುಕ್ಕಲರೋ, ಮಾತುಗಾರರೋ ಮೂಕರೋ, ಕಲ್ಲು ಅದನ್ನು ಹೇಳುವುದಿಲ್ಲ. ಕೆಲಸ ಎದುರಿಗಿದೆ, ಅದನ್ನು ನೋಡಬೇಕು.

ಹಾಗಿದ್ದರೆ ಕದ್ದು ಬರೆಯುವವರನ್ನು ಹಿಡಿಯುವುದು ಹೇಗೆ? ಈಗ ಯಂತ್ರವೇ ಉತ್ತರ ಬರೆದುಕೊಡುವ ಕಾಲ, ಪ್ರಶ್ನೆ ನ್ಯಾಯವಾದದ್ದೇ. ಅರ್ಧ ಗಂಟೆ ಹುಡುಗಿಯನ್ನು ಅವಳ ಪಾಡಿಗೆ ಬಿಡಿ. ಆಮೇಲೆ ಪಕ್ಕದಲ್ಲಿ ಕೂತು, ಈ ಸಾಲು ಯಾಕೆ ಹೀಗೆ ಬರೆದೆ, ಲೆಕ್ಕ ಹತ್ತುಪಟ್ಟು ದೊಡ್ಡದಾದರೆ ಏನು ಬದಲಾಯಿಸುತ್ತೀಯ ಎಂದು ಕೇಳಿ. ಕದ್ದವಳು ಅಲ್ಲಿ ಸಿಕ್ಕಿಬೀಳುತ್ತಾಳೆ. ಬರೆದವಳಿಗೆ ತನ್ನ ಸಾಲಿನ ಬಗ್ಗೆ ಮಾತಾಡಲು ಅಂಜಿಕೆ ಇರುವುದಿಲ್ಲ; ಇಂಗ್ಲಿಷಿನ ನಡುವೆ ನಾಲ್ಕು ಕನ್ನಡ ಮಾತು ನುಸುಳಿದರೆ ಪ್ರೋಗ್ರಾಮೇನೂ ಕೆಡುವುದಿಲ್ಲ. ಏನು ಕೇಳುತ್ತೀರೆಂದು ಮೊದಲೇ ತಿಳಿಸಿ. ಎಲ್ಲರಿಗೂ ಅದೇ ಪ್ರಶ್ನೆ ಕೊಟ್ಟು, ನಿಮ್ಮನಿಮ್ಮಲ್ಲಿ ಮಾತಾಡಿಕೊಳ್ಳುವ ಮೊದಲೇ ಅಂಕ ಬರೆದಿಡಿ. ಬೇಡವೆಂದರೆ ಯಾಕೆ ಬೇಡ ಎಂದು ಎರಡು ಸಾಲು ಬರೆಯಿರಿ. ‘ಮದುವೆ ಯಾವಾಗ?’ ಎಂಬ ಪ್ರಶ್ನೆಯಂತೂ ನಿಮ್ಮ ನಾಲಿಗೆಯ ಮೇಲೆ ಬರಲೇಕೂಡದು. ಅದನ್ನು ಕೇಳಲು ನಮ್ಮೂರಿನಲ್ಲಿ ಬೇಕಾದಷ್ಟು ಜನರಿದ್ದಾರೆ.

ಬರುವ ಗುರುವಾರ ಇನ್ನೊಂದು ಕಂಪೆನಿಯವರು ನೋಡುತ್ತಾರಂತೆ. ಈ ಸಲ ಹುಡುಗಿ ಮೊದಲೇ ಪತ್ರ ಬರೆದಿದ್ದಾಳೆ: ಮೊದಲ ಇಪ್ಪತ್ತು ನಿಮಿಷ ನನ್ನನ್ನು ಒಬ್ಬಳನ್ನೇ ಬಿಡಿ, ಆಮೇಲೆ ಎಷ್ಟು ಬೇಕಾದರೂ ಕೇಳಿ, ನಮ್ಮ ಅಜ್ಜಿ ನಡುವೆ ಕಾಫಿ ತರುತ್ತಾರೆ, ಅವರಿಗೆ ಪ್ರೋಗ್ರಾಮು ಬರುವುದಿಲ್ಲ. ಉತ್ತರ ಇನ್ನೂ ಬಂದಿಲ್ಲ. ಹಸುವನ್ನು ಮಾತ್ರ ಈ ಸಲ ಕೊಟ್ಟಿಗೆಯಲ್ಲೇ ಬಿಡುವುದೆಂದು ಅಣ್ಣ ಹೇಳಿದ್ದಾನೆ.