ಇಲಿಯ ಭೀತಿ, ಅಜ್ಜಿಯ ಎಲುಬು

ಮೂಳೆ ಕಟ್ಟುವ ಚುಚ್ಚುಮದ್ದಿಗೆ ಬಿರುಕು ಕೂಡಿಸುವ ಕಾರ್ಯಕ್ಕೆಂದು ಅನುಮತಿಯಿಲ್ಲವೆಂಬ ಒಂದೇ ಮಂತ್ರವನ್ನು ಜಪಿಸುತ್ತ, ಆಸ್ಟಿಯೋಪೊರೋಸಿಸ್‌ನಿಂದ ಟೊಳ್ಳಾದ ಸೊಂಟದೆಲುಬು ಬಿರಿದು ಮಗ್ಗುಲು ಬದಲಿಸಲೂ ಆರದೆ ನರಳುವ ವೃದ್ಧೆಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ‘ಏನೂ ಕಾಣಿಸೋದಿಲ್ಲ ಅಜ್ಜಿ, ವಯಸ್ಸಾಯಿತಲ್ಲ, ರೆಸ್ಟ್ ತಗೊಳ್ಳಿ’ ಎಂದು ಕ್ಯಾಲ್ಸಿಯಂ ಮಾತ್ರೆಗಳನ್ನಿತ್ತು ಬೀಳ್ಕೊಡುವುದನ್ನೇ ವೈದ್ಯಕೀಯ ವಿವೇಕವೆಂದು ಬಗೆದಿರುವ ಮಹನೀಯರಿಗೆ, 2011ರಲ್ಲಿ ಪ್ರಕಟವಾದ ಆಸ್ಟ್ರಿಯಾದ ಅಧ್ಯಯನವೊಂದನ್ನು ಓದುವಷ್ಟು ಬಿಡುವು ಈವರೆಗೂ ದೊರೆತಂತಿಲ್ಲ.

ಅಲ್ಲಿದ್ದವರು ಶ್ರೋಣಿಯ, ಎಂದರೆ ಸೊಂಟದ, ಮೂಳೆ ಮುರಿದ 65 ಮಂದಿ ವೃದ್ಧೆಯರು. ಅವರಲ್ಲಿ 21 ಮಂದಿಗೆ ನಿತ್ಯವೂ ಪ್ಯಾರಾಥೈರಾಯ್ಡ್ ಹಾರ್ಮೋನು ಚುಚ್ಚಲಾಯಿತು. ಚುಚ್ಚಿಸಿಕೊಂಡವರ ಮೂಳೆ ಸರಾಸರಿ 7.8 ವಾರಗಳಲ್ಲಿ ಕೂಡಿಕೊಂಡಿತು, ಉಳಿದವರದು 12.6 ವಾರಗಳಲ್ಲಿ. ಕ್ಯಾಲ್ಸಿಯಮ್ಮೂ ಡಿ ಜೀವಸತ್ತ್ವವೂ ಉಭಯ ಪಂಗಡಗಳಿಗೂ ಸಲ್ಲುತ್ತಿದ್ದವೆಂಬುದನ್ನು ವಾಚಕರು ದಯವಿಟ್ಟು ಗಮನಿಸಬೇಕು. ಅರ್ಥಾತ್, ನಮ್ಮವರು ಪರಮೌಷಧವೆಂದು ಕೊಟ್ಟುಕಳುಹಿಸುವ ಮಾತ್ರೆಯನ್ನಷ್ಟೇ ನುಂಗಿದವರು ಅಲ್ಲಿ ಹಿಂದುಳಿದವರು. ಅಧ್ಯಯನ ಚಿಕ್ಕದಂತೆ! ದೊಡ್ಡದನ್ನು ನಡೆಸಬೇಡಿರೆಂದು ಇವರ ಕೈ ಹಿಡಿದವರಾರು? ಎರಡು ಪಂಗಡಗಳ ನಡುವಿನ ಸುಮಾರು ಐದು ವಾರಗಳ ಅಂತರವೆಂದರೆ, ಮಲಗಿದಲ್ಲೇ ಮಲಗಿರುವ ಮುದುಕಿಗೆ, ಬೆನ್ನಿನ ಹುಣ್ಣಿಗೂ ನ್ಯುಮೋನಿಯಾಕ್ಕೂ ಧಾರಾಳವಾಗಿ ಸಾಲುವ ಕಾಲ.

ಇನ್ನು ಈ ಮದ್ದೆಂದರೆ ಅಂಜಿಸುವ ಇಲಿಗಳ ಪುರಾಣ. ಆಯುಷ್ಯದ ಬಹುಭಾಗ ವಿಪರೀತ ಪ್ರಮಾಣದಲ್ಲಿ, ಅದೇ ಹಾರ್ಮೋನಿನ ತುಣುಕಾದ ಟೆರಿಪ್ಯಾರಟೈಡ್ ಚುಚ್ಚಿಸಿಕೊಂಡ ಇಲಿಗಳಿಗೆ ಮೂಳೆಯ ಕ್ಯಾನ್ಸರ್ ಬಂದಿತೆಂದು 2002ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಆ ಔಷಧಿಯ ಮೇಲೆ ಹಾಕಿಸಿದ್ದ ಕಪ್ಪು ಚೌಕದ ಎಚ್ಚರಿಕೆಯನ್ನು 2020ರಲ್ಲಿ ಅದೇ ಸಂಸ್ಥೆಯೇ ತೆಗೆದುಹಾಕಿತು. ನಮ್ಮವರ ಚಿತ್ತಭಿತ್ತಿಯ ಬಿಲದಿಂದ ಮಾತ್ರ ಆ ಇಲಿಗಳು ಇನ್ನೂ ಹೊರಬಿದ್ದಿಲ್ಲ.

ವೇಗದ ಬೌಲರನೊಬ್ಬನ ಬೆನ್ನೆಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ದೇಶಕ್ಕೆ ದೇಶವೇ ಕಳವಳಗೊಂಡು, ಎಂಆರ್‌ಐ ಏನು, ತಜ್ಞರೇನು, ದಿನಕ್ಕೊಂದು ವಾರ್ತೆಯೇನು! ಮೂರು ತಲೆಮಾರಿಗೆ ರೊಟ್ಟಿ ತಟ್ಟಿದವಳ ಸೊಂಟ ಬಿರಿದರೆ ಅದು ವಯೋಧರ್ಮ. ಹೆಂಗಸಿನ ನೋವನ್ನು, ಅದರಲ್ಲಿಯೂ ಮುದುಕಿಯ ನೋವನ್ನು, ರೋಗವೆಂದು ಒಪ್ಪಿಕೊಳ್ಳುವ ಅಭ್ಯಾಸವೇ ನಮ್ಮ ಸಮಾಜಕ್ಕಿಲ್ಲ.

ಅನುಮತಿಯ ಮಾತಿಗೇ ಬರೋಣ. ಮೂಳೆ ಮುರಿಯುವ ಅಪಾಯ ಹೆಚ್ಚಾಗಿರುವ ಆಸ್ಟಿಯೋಪೊರೋಸಿಸ್‌ಗೆ ಟೆರಿಪ್ಯಾರಟೈಡ್ ಅಂಗೀಕೃತ ಔಷಧಿಯೇ ಆಗಿದೆಯಷ್ಟೆ. ಬೀಳದೆಯೇ ಬಿರಿದ ಈ ಅಜ್ಜಿಯ ಎಲುಬಿಗಿಂತ ಮಿಗಿಲಾದ ಯಾವ ಅಪಾಯಕ್ಕಾಗಿ ಇವರು ಕಾಯುತ್ತಿದ್ದಾರೆ? ಮೂಳೆಗೆ ವಿಕಿರಣ ಚಿಕಿತ್ಸೆ ಪಡೆದವರಿಗೆ ಅದು ಬೇಡವೆಂಬುದನ್ನು ಒಪ್ಪೋಣ. ಬೆಲೆ ದುಬಾರಿಯೆಂಬುದೂ ನಿಜ. ಆದರೆ ಆ ಬೆಲೆಯನ್ನು ಆಕೆಗೂ ಆಕೆಯ ಮಕ್ಕಳಿಗೂ ತಿಳಿಸಿ ನಿರ್ಧಾರವನ್ನು ಅವರಿಗೇ ಬಿಡುವುದರ ಬದಲು, ಔಷಧಿಯ ಹೆಸರನ್ನೇ ಎತ್ತದೆ ಸಾಗಹಾಕುವ ಅಧಿಕಾರವನ್ನು ಇವರಿಗೆ ಕೊಟ್ಟವರು ಯಾರು?