ಮಂಡಿ ಹೊಸದಾಯಿತು, ಕೆಲಸದ ಗತಿಯೇನು?

ಹಿಂಜವಾಡಿಯ ಸಾಫ್ಟ್‌ವೇರ್ ಕಚೇರಿಗಳ ಸುತ್ತಲಿನ ಹೋಟೆಲು, ಕ್ಯಾಂಟೀನುಗಳಲ್ಲಿ ದಿನವಿಡೀ ಕಾವಲಿಯ ಮುಂದೆ ನಿಂತು ದುಡಿಯುವ ನಮ್ಮ ಬಾಂಧವರಿಗೆ ಮಂಡಿನೋವು ತಪ್ಪಿದ್ದಲ್ಲ. ಸವೆದ ಮಂಡಿಗೆ ಕೃತಕ ಕೀಲು ಕೂರಿಸುವ ಶಸ್ತ್ರಚಿಕಿತ್ಸೆ ಬಡವರ ಕೈಗೆಟುಕದ ಮಾತಾಗಿತ್ತು. 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರವು ಹೆಚ್ಚಾಗಿ ಬಳಕೆಯಲ್ಲಿರುವ ಕೀಲಿನ ಬೆಲೆಗೆ, ತೆರಿಗೆ ಬಿಟ್ಟು, 54,720 ರೂಪಾಯಿಗಳ ಮಿತಿ ಹಾಕಿತು. ಅದನ್ನು ನಾವು ಸ್ವಾಗತಿಸುತ್ತೇವೆ.

ಆದರೆ ಶಸ್ತ್ರಚಿಕಿತ್ಸೆಯಿಂದ ಅರ್ಧ ಕೆಲಸವಷ್ಟೇ ಮುಗಿಯುತ್ತದೆ. ಒಂದೆರಡು ದಿನಗಳಲ್ಲೇ ವಾಕರ್ ಹಿಡಿಸಿ ನಡೆಸುತ್ತಾರೆ, ನಿಜ. ಮುಂದೆ ವಾರಗಟ್ಟಲೆ ಮಂಡಿ ಮಡಿಸಿ ಚಾಚುವ ವ್ಯಾಯಾಮ ತಪ್ಪಿದರೆ ಕೀಲು ಬಿಗಿದುಕೊಳ್ಳುತ್ತದೆ. ನಿಂತು ಮಾಡುವ ದುಡಿಮೆಗೆ ಮರಳಲು ಸಾಮಾನ್ಯವಾಗಿ ಮೂರು ತಿಂಗಳಾದರೂ ಬೇಕು. ಅಲ್ಲಿಯವರೆಗೆ ಮನೆಯ ಒಲೆ ಉರಿಯುವುದು ಹೇಗೆ? ಇ.ಎಸ್.ಐ.ಗೆ ಸೇರಿ ವಂತಿಗೆ ಸರಿಯಾಗಿ ಸಂದಿದ್ದರೆ, ಕಾಯಿಲೆಯ ರಜೆಯಲ್ಲಿ ವರ್ಷಕ್ಕೆ 91 ದಿನಗಳವರೆಗೆ ವೇತನದ ನೂರಕ್ಕೆ 70ರಷ್ಟು ದೊರೆಯುತ್ತದೆ. ಹೆಸರೇ ಸೇರದವನು ನೋವು ನುಂಗಿಕೊಂಡು ತಿಂಗಳೊಳಗೆ ಕಾವಲಿಯ ಮುಂದೆ ನಿಲ್ಲಬೇಕಾಗುತ್ತದೆ.

ಮಾಲೀಕರಲ್ಲಿ ನಾವು ಬೇಡುತ್ತಿರುವುದು ದಾನವಲ್ಲ. ಅರ್ಹರಾದ ಎಲ್ಲರ ಹೆಸರನ್ನೂ ಇ.ಎಸ್.ಐ.ಗೆ ಸೇರಿಸಲಿ. ಗುಣವಾಗಿ ಬಂದವನ ಜಾಗ ಉಳಿಸಿ, ಮೊದಲ ಕೆಲವು ತಿಂಗಳು ಗಲ್ಲಾದಲ್ಲೋ ತರಕಾರಿ ಹೆಚ್ಚುವಲ್ಲೋ ಕೂತು ಮಾಡುವ ಕೆಲಸ ಕೊಡಲಿ. ಉಳಿದವರಿಗೂ ಬಿಡುವಾದಾಗ ಕೂರಲು ಒಂದು ಸ್ಟೂಲಿರಲಿ. ಅಂಗಡಿ ನೌಕರರಿಗೆ ಕೂರುವ ಸೌಲಭ್ಯ ಕೊಡಲೇಬೇಕೆಂದು ಕೇರಳವು 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನನ್ನೇ ಮಾಡಿವೆ.

ಬಾಂಧವರೇ, ನಿಮ್ಮ ಹೆಸರು ಇ.ಎಸ್.ಐ.ಯಲ್ಲಿದೆಯೇ? ಮಂಡಿ ಸವೆಯುವವರೆಗೆ ಕಾಯದೆ ಇಂದೇ ವಿಚಾರಿಸಿರಿ.